ಎದೆಯ ಮೇಲಿನ ಟೋಪಿ

ಹೆದ್ದಾರಿ ಪೊಲೀಸರೆಲ್ಲ ಎದೆಯ ಮೇಲೆ ಕ್ಯಾಮೆರಾ ಧರಿಸುವುದು ಕಡ್ಡಾಯ ಎಂಬ ಆದೇಶ ಬಂದಾಗ ನಮ್ಮ ಕಣಿವೆಹಟ್ಟಿ ಔಟ್‌ಪೋಸ್ಟಿನಲ್ಲಿ ಖುಷಿಪಟ್ಟವರು ಒಬ್ಬರೇ, ಎಎಸ್‌ಐ ಓಬಳಪ್ಪನವರು. ಉಳಿದವರೆಲ್ಲ ಮುಖ ಹುಳ್ಳಗೆ ಮಾಡಿಕೊಂಡೆವು. ನಾನು ಅವರ ಗಸ್ತು ವಾಹನದ ಚಾಲಕ, ಪಾಲಯ್ಯ. ನಾನೇನು ದೊಡ್ಡ ಲಂಚಕೋರನಲ್ಲ, ಆದರೆ ಢಾಬಾದಲ್ಲಿ ಬಿಟ್ಟಿ ಚಹಾ ಕುಡಿಯುವವನು. ಆ ಚಹಾ ಹೋಯಿತಲ್ಲ ಎಂದು ನನಗೂ ಹೊಟ್ಟೆ ಉರಿದಿತ್ತು.

“ಬರ್ಲಿ ಬಿಡ್ರೋ. ಇಷ್ಟು ವರ್ಷ ಲಾರಿಯೋರ ಮುಂದೆ ಕೈ ಚಾಚಿಲ್ಲ ಅಂದ್ರೆ ನನ್ನ ಯಾರು ನಂಬ್ತಾರೆ? ಮನೇಲಿ ನನ್ನ ಹೆಂಡ್ತೀನೇ ನಂಬಲ್ಲ. ಇನ್ ಮೇಲೆ ನಂಬ್ತಾಳೆ,” ಎಂದರು ಓಬಳಪ್ಪ.

ನಾವು ನಕ್ಕೆವು. ಪೊಲೀಸನ ಹೆಂಡತಿ ಗಂಡನನ್ನು ನಂಬಬೇಕಾದರೆ ಸರ್ಕಾರವೇ ಆದೇಶ ಹೊರಡಿಸಬೇಕಾಯಿತಲ್ಲ ಎಂದು ನಾನೇ ಚುಡಾಯಿಸಿದೆ. ಅವರೂ ನಕ್ಕರು.

ಕ್ಯಾಮೆರಾ ಎಂದರೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಎಡ ಎದೆಯ ಮೇಲೆ, ಜೇಬು ಇರುವ ಜಾಗದಲ್ಲಿ ಕೂರುತ್ತದೆ. ಮುಂದೆ ಕಣ್ಣು, ಕೆಳಗೆ ಕಿವಿ. ಹಿಂಬದಿಯಲ್ಲಿ, ಅಂಗಿಯೊಳಗೆ, ಚರ್ಮಕ್ಕೆ ತಾಗುವ ಒಂದು ತಣ್ಣನೆಯ ಬಿಲ್ಲೆ. ಅದು ನಮ್ಮ ನಾಡಿ ನೋಡುತ್ತದೆ. ನಾವು ಬಗ್ಗಿದೆವೋ, ತಿರುಗಿದೆವೋ, ಓಡಿದೆವೋ ಎಂಬುದೂ ಅದಕ್ಕೆ ತಿಳಿಯುತ್ತದೆ. ಎಲ್ಲವೂ ಆಗಿಂದಾಗಲೇ ಜಿಲ್ಲಾ ಕೇಂದ್ರದ ನಿಗಾ ಕೊಠಡಿಗೆ ಹೋಗಿ ಬೀಳುತ್ತದೆ.

ನಮ್ಮವರ ಬುದ್ಧಿಗೇನು ಬರವೇ? ಮೊದಲ ವರ್ಷವೇ ಕೆಲವರು ದಾರಿ ಕಂಡುಕೊಂಡರು. ಲಾರಿಯವನು ಕೈ ಮುಂದೆ ತರುವಾಗ ಕ್ಯಾಮೆರಾಕ್ಕೆ ರೇನ್‌ಕೋಟು ಅಡ್ಡ ಬರುತ್ತಿತ್ತು, ಇಲ್ಲವೇ ಒಂದು ಫೈಲು, ಇಲ್ಲವೇ ಸರಿಯಾಗಿ ಆಗಲೇ ಎದೆ ಕೆರೆಯುತ್ತಿತ್ತು. ದೂರುಗಳು ಗುಡ್ಡೆ ಬಿದ್ದವು. ಆಗ ಮೇಲಿನವರು ಹೊಸ ವ್ಯವಸ್ಥೆ ತಂದರು. ಇನ್ನು ಮುಂದೆ ದಾಖಲೆಯಲ್ಲಿ ಖಾಲಿ ಜಾಗ ಎಂಬುದೇ ಇರಕೂಡದು. ಕಣ್ಣು ಮುಚ್ಚಿದ ಹೊತ್ತಿನಲ್ಲಿ ಏನಾಯಿತು ಎಂಬುದನ್ನು ನಿಗಾ ಕೊಠಡಿಯ ಯಂತ್ರ ತಾನೇ ಲೆಕ್ಕ ಹಾಕಿ ಚಿತ್ರ ಬರೆದು ತುಂಬುತ್ತದೆ. ಮುಚ್ಚುವ ಮೊದಲಿನ ದೃಶ್ಯ, ತೆರೆದ ಮೇಲಿನ ದೃಶ್ಯ, ನಡುವಿನ ಸದ್ದು, ಮೈಯ ಅಲುಗಾಟ, ನಾಡಿಯ ಓಟ, ಇಷ್ಟು ಅದಕ್ಕೆ ಸಾಕು. ತುಂಬಿದ ಭಾಗಕ್ಕೆ ‘ಪೂರಣ’ ಎಂದು ಹೆಸರು. ನಾವು ಹೂರಣ ಎನ್ನುತ್ತಿದ್ದೆವು. ಚಿತ್ರದ ಮೂಲೆಯಲ್ಲಿ ಸಾಸಿವೆಯಷ್ಟು ಹಳದಿ ಚುಕ್ಕೆ ಕಂಡರೆ ಅದು ಹೂರಣ. ಆ ಚುಕ್ಕೆಯನ್ನು ಯಾರೂ ನೋಡುತ್ತಿರಲಿಲ್ಲ. ಕೋರ್ಟು ಕೂಡ ಒಪ್ಪಿಕೊಂಡ ಮೇಲೆ ನೋಡಿ ಆಗಬೇಕಾದದ್ದಾದರೂ ಏನು?

ಒಪ್ಪಿಕೊಳ್ಳಬೇಕು, ಒಂದು ಮಟ್ಟಿಗೆ ಅದು ಕೆಲಸ ಮಾಡಿತು. ನಮ್ಮ ರಸ್ತೆಯಲ್ಲಿ ಲಂಚ ನಿಂತಿತು. ಲಾರಿಯವರು ಮೊದಲ ಬಾರಿಗೆ ನಮಗೆ ನಮಸ್ಕಾರ ಹೊಡೆದು ಹೋದರು.

*

ಅಪಘಾತವಾದದ್ದು ಶೇಂಗಾ ಕೀಳುವ ಕಾಲದಲ್ಲಿ, ಒಂದು ಮಧ್ಯಾಹ್ನ. ಗಾಳಿಯಂತ್ರಗಳ ಗುಡ್ಡದ ತಿರುವಿನಲ್ಲಿ ಕೆಟ್ಟು ನಿಂತ ಲಾರಿಯ ಹಿಂಬದಿಗೆ ಒಂದು ಕಾರು ಹೋಗಿ ನುಗ್ಗಿತ್ತು. ಕಾರಿನ ಬಾಡಿಗೆ ಚಾಲಕ ಅಲ್ಲೇ ಹೋಗಿದ್ದ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದರು. ಕಾಲುಗಳು ತಗಡಿನಡಿ ಸಿಕ್ಕಿದ್ದವು, ಆದರೆ ಮಾತು ಇತ್ತು. ನಾನು ಹಿಂದೆ ಓಡಿ ಕೆಂಪು ಕೋನ್ ಇಟ್ಟು ವಾಹನ ತಡೆಯುತ್ತಿದ್ದೆ. ನನ್ನ ಬೆನ್ನು ಕಾರಿನ ಕಡೆಗಿತ್ತು, ನನ್ನ ಎದೆಯ ಕ್ಯಾಮೆರಾ ಬರುವ ಲಾರಿಗಳನ್ನು ನೋಡುತ್ತಿತ್ತು. ಓಬಳಪ್ಪನವರು ಕಾರಿನ ಬಾಗಿಲು ಕಿತ್ತು ಆಕೆಯ ಪಕ್ಕ ಕೂತರು.

ಆಮೇಲೆ ನಿಗಾ ಕೊಠಡಿಯಲ್ಲಿ ಅದನ್ನೆಲ್ಲ ನಾನೂ ನೋಡಿದೆ. ಹೂರಣವಲ್ಲದ ಭಾಗ ಇಷ್ಟು. ಆ ತಾಯಿ, ಹೆಸರು ಶಾರದಾಂಬ, ನೋವು ಎನ್ನಲಿಲ್ಲ, ನೀರು ಕೇಳಲಿಲ್ಲ. “ನನ್ನ ಚಪ್ಪಲಿ ಎಲ್ಲೋಯ್ತಪ್ಪಾ?” ಎಂದು ಕೇಳಿದರು. ಸಾಯುವವರು ಇಂಥದ್ದನ್ನೇ ಕೇಳುವುದು. ನಾನು ಈ ರಸ್ತೆಯಲ್ಲಿ ತುಂಬ ಕೇಳಿದ್ದೇನೆ. ಓಬಳಪ್ಪ ಎದ್ದು ಹೋಗಿ ಗಾಜಿನ ಚೂರುಗಳ ನಡುವೆ ಹುಡುಕಿ ಒಂದು ಚಪ್ಪಲಿ ತಂದರು. ಅಂಗಿಗೆ ಒರೆಸಿ ಆಕೆಯ ಕಣ್ಣಿಗೆ ಕಾಣುವಂತೆ ಹಿಡಿದರು.

“ಇಲ್ಲೇ ಐತೆ ಕಣಮ್ಮ. ನೋಡು, ಏನೂ ಆಗಿಲ್ಲ ಇದಕ್ಕೆ.”

ಆಕೆ ಚಪ್ಪಲಿ ನೋಡುತ್ತಲೇ ಹೋದರು.

ಆಗ ಓಬಳಪ್ಪ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

ಇದು ನಮ್ಮ ಔಟ್‌ಪೋಸ್ಟಿನ ಪದ್ಧತಿ. ಯಾವ ನಿಯಮದಲ್ಲೂ ಇಲ್ಲ, ಯಾರು ಶುರುಮಾಡಿದರೋ ಗೊತ್ತಿಲ್ಲ. ರಸ್ತೆಯಲ್ಲಿ ಯಾರಾದರೂ ಕಣ್ಣೆದುರೇ ಹೋದರೆ ಟೋಪಿ ತೆಗೆದು ಎಡ ಎದೆಗೆ ಒತ್ತಿ ಹಿಡಿಯುತ್ತೇವೆ, ಇನ್ನೊಂದು ಕೈಯಿಂದ ಅವರ ಕಣ್ಣು ಮುಚ್ಚುತ್ತೇವೆ. “ಇವ್ರ ಮನೆಯೋರು ಬರೋ ತನಕ ನಾವೇ ಕಣೋ ನೆಂಟರು,” ಎಂದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಓಬಳಪ್ಪ ಕಲಿಸಿದ್ದರು. ಕ್ಯಾಮೆರಾ ಬಂದ ಮೇಲೂ ಕೈ ತಾನಾಗಿ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಎದೆಯ ಮೇಲೆ ಏನಿದೆ ಎಂದು ಯಾರು ಯೋಚಿಸುತ್ತಾರೆ?

ಕ್ಯಾಮೆರಾದ ಕಣ್ಣು ಮುಚ್ಚಿತು. ಆಂಬುಲೆನ್ಸ್ ಸದ್ದು ಕೇಳಿದ ಮೇಲೆ ಅವರು ಟೋಪಿ ಹಾಕಿಕೊಂಡು ಎದ್ದರು, ಅದು ತೆರೆಯಿತು.

ಮಾರನೆಯ ವಾರ ಶಾರದಾಂಬನವರ ಮಗ ದೂರು ಕೊಟ್ಟ. ತಾಯಿಯ ಕೊರಳಲ್ಲಿದ್ದ ಸರ ಇಲ್ಲ.

*

ನಿಗಾ ಕೊಠಡಿ ಎಂದರೆ ಕತ್ತಲೆ ಗುಹೆ ಎಂದು ನಾನು ತಿಳಿದಿದ್ದೆ. ಅಲ್ಲಿ ಕಿಟಕಿಗೆ ಹೂವಿನ ಪರದೆಯಿತ್ತು, ಮೇಜಿನ ಮೇಲೆ ಮಂಡಕ್ಕಿ ಪೊಟ್ಟಣವಿತ್ತು. ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ನಾಜ್ನೀನ್ ಮೇಡಂಗೆ ನನ್ನ ತಂಗಿಯ ವಯಸ್ಸು. ವಿಚಾರಣೆ ನಡೆಸುವ ಡಿವೈಎಸ್‌ಪಿ ಸಾಹೇಬರು ಗೋಡೆಯ ಪರದೆಯ ಮುಂದೆ ಕೂತಿದ್ದರು. ಓಬಳಪ್ಪ ಅವರೆದುರು ನಿಂತಿದ್ದರು. ನನ್ನನ್ನು ಸಾಕ್ಷಿ ಎಂದು ಕರೆಸಿದ್ದರು. ಬೆನ್ನು ತಿರುಗಿಸಿ ನಿಂತವನ ಸಾಕ್ಷಿ ಯಾವ ಮೂಲೆಗೆ?

ಚಿತ್ರ ಓಡಿತು. ಚಪ್ಪಲಿ ಬಂತು, ಆಕೆ ಹೋದರು, ಟೋಪಿ ಅಡ್ಡ ಬಂತು. ಆದರೆ ಪರದೆ ಕಪ್ಪಾಗಲಿಲ್ಲ. ಅದೇ ಬಿಸಿಲು, ಅದೇ ಗಾಜಿನ ಚೂರು, ಮೂಲೆಯಲ್ಲಿ ಹಳದಿ ಚುಕ್ಕೆ. ಓಬಳಪ್ಪನವರ ಬಲಗೈ ಮುಂದೆ ಬಂತು, ಸೆರಗು ಸರಿಸಿತು, ಸರ ಹಿಡಿದು ಒಂದೇ ಸಲಕ್ಕೆ ಜಗ್ಗಿತು. ಮುಷ್ಟಿ ಮುಚ್ಚಿತು. ಆಮೇಲೆ ಅದೇ ಕೈ ಆಕೆಯ ಕಣ್ಣು ಮುಚ್ಚಿತು.

ಲಾರಿ ಬಾಗಿಲಿಗೆ ಸಿಕ್ಕಿ ಹಿಂದೊಮ್ಮೆ ಸೊಟ್ಟಗಾಗಿದ್ದ ಅವರ ಕಿರುಬೆರಳು ಕೂಡ ಅಲ್ಲಿ ಸೊಟ್ಟಗೇ ಇತ್ತು.

“ಇದು ನಾನಲ್ಲ ಸಾರ್,” ಎಂದರು ಓಬಳಪ್ಪ.

“ಕೈ ನಿಮ್ಮದಲ್ವಾ?” ಎಂದರು ಸಾಹೇಬರು.

“ಕೈ ನಂದೇ. ಆದ್ರೆ ಇದು ನಾನಲ್ಲ.”

ಸಾಹೇಬರು ಕೆಟ್ಟವರಲ್ಲ. ಬೇಸರವಾದವರಂತೆ ನಾಜ್ನೀನ್ ಮೇಡಂ ಕಡೆ ತಿರುಗಿದರು. “ನೀವೇ ಹೇಳ್ರಮ್ಮ. ಯಂತ್ರ ಸುಳ್ಳು ಹೇಳುತ್ತಾ?”

“ಸುಳ್ಳು ಹೇಳಲ್ಲ ಸಾರ್. ನಿಜ ಏನು ಅಂತ ಅದಕ್ಕೆ ಗೊತ್ತೂ ಇರಲ್ಲ,” ಎಂದರು ಆಕೆ. ಧ್ವನಿ ಸಣ್ಣದಿತ್ತು, ಆದರೆ ನಿಲ್ಲಿಸಲಿಲ್ಲ. “ಹಳೇ ಪ್ರಕರಣಗಳನ್ನ ತೋರಿಸಿ ಅದಕ್ಕೆ ಕಲಿಸಿರ್ತೀವಿ. ಒಬ್ಬರ ಕ್ಯಾಮೆರಾ ಮುಚ್ಚಿದಾಗ ಪಕ್ಕದವರ ಕ್ಯಾಮೆರಾದಲ್ಲಿ ಏನು ಕಂಡಿತ್ತು ಅನ್ನೋದನ್ನ. ಆದರೆ ನಮ್ಮ ಹತ್ರ ಇದ್ದಿದ್ದು ದೂರು ಬಂದ ಪ್ರಕರಣಗಳು ಮಾತ್ರ. ಅದರಲ್ಲಿ ಎದೆ ಮುಚ್ಚಿದವರೆಲ್ಲ ಏನಾದರೂ ತಗೊಂಡವರೇ. ಸುಮ್ಮನೆ ನಿಂತವರ ಮೇಲೆ ಯಾರು ದೂರು ಕೊಡ್ತಾರೆ ಸಾರ್? ಗೌರವಕ್ಕೆ ಟೋಪಿ ಹಿಡಿಯೋದನ್ನ ಅದು ಒಂದು ಸಲಾನೂ ನೋಡಿಲ್ಲ.”

“ಮತ್ತೆ ನಾಡಿ? ಆವಾಗ ಇವರ ಎದೆ ಡಬಡಬ ಹೊಡ್ಕೊಂಡಿದೆ.”

“ಹೆದರಿದ್ರೂ ಹೊಡ್ಕೊಳ್ಳುತ್ತೆ, ದುಃಖ ಆದ್ರೂ ಹೊಡ್ಕೊಳ್ಳುತ್ತೆ ಸಾರ್. ಅದಕ್ಕೆ ಎರಡೂ ಒಂದೇ.”

ಸಾಹೇಬರು ವರದಿಯ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ನನಗೆ ಆಸೆ ಚಿಗುರಿತು. ಆಮೇಲೆ ಅವರು ಹೇಳಿದರು: “ಇದನ್ನ ನಾನು ಬರೆದರೆ, ಇದೇ ಯಂತ್ರದಿಂದ ಶಿಕ್ಷೆ ಆದವರೆಲ್ಲ ನಾಳೆ ಬಾಗಿಲಿಗೆ ಬರ್ತಾರೆ. ಅವರಲ್ಲಿ ನಿಜವಾದ ಕಳ್ಳರೇ ಹೆಚ್ಚು. ಅವರನ್ನ ಬಿಡ್ಲಾ?” ಓಬಳಪ್ಪನವರ ಅಮಾನತಿಗೆ ಸಹಿ ಬಿತ್ತು.

*

ತಪ್ಪು ಕಂಡ ಚಿತ್ರಗಳನ್ನು ಜನರ ಮುಂದಿಡಬೇಕು ಎಂಬುದೂ ಹೊಸ ನಿಯಮವೇ. ಸಂಜೆಯೊಳಗೆ ಅದು ಊರವರ ಫೋನುಗಳಲ್ಲಿ ಓಡಾಡಿತು. ನಾವು ಪೊಲೀಸ್ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆಯವರು. ನಾನು ಹೋದಾಗ ಓಬಳಪ್ಪನವರ ಹೆಂಡತಿ ಮಂಗಳಕ್ಕ ಅಡುಗೆಮನೆಯ ಹೊಸಿಲಲ್ಲಿ ಕೂತು ಫೋನ್ ನೋಡುತ್ತಿದ್ದರು. ಅದೇ ತುಣುಕು, ಮತ್ತೆ ಮತ್ತೆ. ಒಲೆಯ ಮೇಲೆ ಮುದ್ದೆಯ ಎಸರು ಉಕ್ಕಿ ಸುರಿಯುತ್ತಿತ್ತು. ನಾನೇ ಹೋಗಿ ಒಲೆ ಆರಿಸಿದೆ.

“ಅಕ್ಕ, ಅದು ಯಂತ್ರ ಬರೆದಿರೋ ಚಿತ್ರ. ಆ ಹಳದಿ ಚುಕ್ಕೆ ನೋಡು.”

“ಚುಕ್ಕೆ ತಗಂಡು ಏನ್ ಮಾಡ್ಲಪ್ಪ? ಈ ಬೆರಳು ನೋಡು. ನಾನು ಎಣ್ಣೆ ಹಚ್ಚಿ ನೀವಿರೋ ಬೆರಳು ಇದು. ನಂಗೆ ಗುರುತು ಸಿಗಲ್ವಾ?”

ಓಬಳಪ್ಪ ಹಜಾರದಲ್ಲಿ ಕೂತಿದ್ದರು. ಎಲ್ಲವೂ ಕೇಳಿಸುತ್ತಿತ್ತು. “ಮಂಗಳಾ, ನನ್ನ ಮುಖ ನೋಡಿ ಹೇಳು. ನಾನು ಸತ್ತೋರ ಮೈ ಮೇಲಿಂದ ತೆಗೀತೀನಾ?” ಎಂದರು.

ಮಂಗಳಕ್ಕ ಗಂಡನ ಮುಖ ನೋಡಿದರು. ನೋಡಿದರು, ಆಮೇಲೆ ಅವರ ಕಣ್ಣು ತಾನಾಗಿ ಕೆಳಗಿಳಿದು ಗಂಡನ ಕೈಗೆ ಹೋಯಿತು. ಓಬಳಪ್ಪ ಕೈಯನ್ನು ಪಂಚೆಯ ಮಡಿಕೆಯೊಳಗೆ ಎಳೆದುಕೊಂಡರು. ಯಾಕೆ ಎಳೆದುಕೊಂಡಿರಿ ಎಂದು ನನಗೆ ಕೂಗಬೇಕೆನಿಸಿತು. ನಿರಪರಾಧಿ ಕೈ ಅಡಗಿಸಿದರೂ ಕಳ್ಳನ ಹಾಗೆಯೇ ಕಾಣುತ್ತಾನೆ.

ಆಮೇಲಿನ ದಿನಗಳಲ್ಲಿ ಓಬಳಪ್ಪ ನನ್ನ ಬಳಿ ಬಂದು ಒಂದೇ ಮಾತು ಕೇಳುತ್ತಿದ್ದರು. “ಪಾಲ, ಎಡಗೈಲಿ ಟೋಪಿ ಇತ್ತು. ಬಲಗೈಲಿ ಕಣ್ಣು ಮುಚ್ಚಿದೆ. ಅದರ ನಡುವೆ ಬಲಗೈ ಎಲ್ಲಿತ್ತೋ? ಎಷ್ಟು ಯೋಚನೆ ಮಾಡಿದ್ರೂ ಆ ಚಿತ್ರಾನೇ ಬರ್ತೈತೆ. ನಂದು ಅನ್ನೋ ನೆನಪು ಬರ್ತಾನೇ ಇಲ್ಲ.” ನನಗೆ ಅವರ ಅಮಾನತಿಗಿಂತ ಇದು ಹೆಚ್ಚು ಭಯ ಹುಟ್ಟಿಸಿತು.

*

ಸರ ಸಿಕ್ಕಿತು.

ಜಜ್ಜಿದ ಕಾರು ನಮ್ಮ ಔಟ್‌ಪೋಸ್ಟಿನ ಹಿಂದಿನ ಬಯಲಿನಲ್ಲಿ ಬಿದ್ದಿತ್ತು. ಗುಜರಿಗೆ ಒಯ್ಯುವವರು ಬಂದು ಮುಂದಿನ ಸೀಟು ಕತ್ತರಿಸಿದಾಗ ಸೀಟ್‌ಬೆಲ್ಟು ಸಿಕ್ಕಿಸುವ ಡಬ್ಬಿಯ ಪಕ್ಕ, ಸ್ಪಂಜಿನ ಒಳಗೆ ಸರ ಕೂತಿತ್ತು. ಕಾರು ಗುದ್ದಿದ ರಭಸಕ್ಕೆ ಬೆಲ್ಟು ಕೊರಳನ್ನು ಬಿಗಿದು ಸರ ತುಂಡಾಗಿ ಕೆಳಗೆ ಜಾರಿತ್ತು. ಕೊಂಡಿಯ ಮೇಲೆ ಬೆಲ್ಟಿನ ಕರಿ ನೂಲು ಇನ್ನೂ ಸುತ್ತಿಕೊಂಡಿತ್ತು. ನಾನು ನಿಗಾ ಕೊಠಡಿಗೆ ಹುಚ್ಚನ ಹಾಗೆ ಜೀಪು ಓಡಿಸಿದೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.

ಸಾಹೇಬರಿಗೂ ಸಂತೋಷವಾಯಿತು, ಅದು ನಿಜ. ಓಬಳಪ್ಪನವರನ್ನೂ ಕೂಡಲೇ ಕರೆಸಿದರು. “ಹೊಸ ಸಾಕ್ಷ್ಯ. ಯಂತ್ರಕ್ಕೆ ಕೊಡಿ, ಪೂರಣ ಮತ್ತೆ ಆಗಲಿ,” ಎಂದರು.

“ಮತ್ತೆ ಯಾಕೆ ಸಾರ್?” ಎಂದರು ನಾಜ್ನೀನ್ ಮೇಡಂ. “ಸರ ಅಲ್ಲೇ ಇತ್ತು ಅಂದ ಮೇಲೆ ಅಷ್ಟೇ ಅಲ್ವಾ? ಆ ಭಾಗಾನ ಖಾಲಿ ಅಂತ ಬರೆದು ಮುಗಿಸಿ.”

“ಖಾಲಿ ಅಂತ ಬರೆಯೋ ಜಾಗಾನೇ ಇಲ್ವಲ್ಲಮ್ಮ.”

ಸರ ಸೀಟಿನೊಳಗೆ ಸಿಕ್ಕಿತು ಎಂಬುದನ್ನು ಯಂತ್ರಕ್ಕೆ ಉಣಿಸಿದರು. ಅದು ಸ್ವಲ್ಪ ಹೊತ್ತು ಯೋಚಿಸಿತು. ಪರದೆ ಬೆಳಗಿತು. ಟೋಪಿ ಅಡ್ಡ ಬಂತು. ಸೊಟ್ಟ ಕಿರುಬೆರಳಿನ ಕೈ ಮುಂದೆ ಬಂತು, ಸೆರಗು ಸರಿಸಿತು, ಸರ ಜಗ್ಗಿತು. ದೂರದಲ್ಲಿ ಆಂಬುಲೆನ್ಸ್ ಕೂಗಿತು. ಕೈ ಒಂದು ಗಳಿಗೆ ಅಲ್ಲೇ ತಡೆದು ಸರವನ್ನು ಸೀಟಿನ ಸಂದಿಗೆ ಬಿಟ್ಟಿತು. ಆಮೇಲೆ ಆಕೆಯ ಕಣ್ಣು ಮುಚ್ಚಿತು.

ನಾಜ್ನೀನ್ ಮೇಡಂ ಕೈಯಿಂದ ಬಾಯಿ ಮುಚ್ಚಿಕೊಂಡರು. “ಎದೆ ಮುಚ್ಚಿದವನು ತಗೊಂಡೇ ತಗೋತಾನೆ ಅಂತ ಕಲ್ತಿದೆ ಸಾರ್ ಅದು. ಸರ ಅಲ್ಲೇ ಇದ್ರೆ, ತಗೊಂಡು ವಾಪಸ್ ಹಾಕಿದ ಅಂತಾನೇ ತೋರಿಸುತ್ತೆ. ಬೆಲ್ಟಿನ ನೂಲು ಕೊಂಡಿಗೆ ಸುತ್ತಿದೆಯಲ್ಲ, ಅದನ್ನ ನೋಡಿ!”

“ನೋಡಿದೀನಿ. ನೂಲು ಯಾವಾಗ ಬೇಕಾದ್ರೂ ಸುತ್ತಿರಬಹುದು.” ಸಾಹೇಬರು ಎದ್ದು ಬಂದು ಓಬಳಪ್ಪನವರ ಹೆಗಲ ಮೇಲೆ ಕೈ ಇಟ್ಟರು. “ಒಳ್ಳೇದಾಯ್ತು ಬಿಡ್ರಿ. ಆಸೆ ಮನುಷ್ಯಂಗೆ ಬರುತ್ತೆ. ಆ ಗಳಿಗೇಲಿ ತಿದ್ಕೊಂಡ್ರಲ್ಲ, ಅದು ದೊಡ್ಡದು. ಎಚ್ಚರಿಕೆ ಕೊಟ್ಟು ಕೆಲಸಕ್ಕೆ ತಗೋತೀನಿ. ಇನ್ನೊಬ್ಬರಾಗಿದ್ರೆ ಇಷ್ಟು ಮಾಡ್ತಿರಲಿಲ್ಲ.”

ಮಾಡದ ತಪ್ಪಿಗೆ ಶಿಕ್ಷೆಯಾದರೆ ಜಗಳವಾಡಬಹುದು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕರೆ ಏನು ಮಾಡುವುದು? ಓಬಳಪ್ಪ ಸೆಲ್ಯೂಟ್ ಹೊಡೆದರು. ಬೇರೇನು ಮಾಡಿಯಾರು?

ಆ ಸಂಜೆ ಮಂಗಳಕ್ಕ ಶಾವಿಗೆ ಪಾಯಸ ಮಾಡಿ ನನ್ನನ್ನೂ ಕರೆದರು. ಹೊಸ ಚಿತ್ರ ಅವರಿಗೂ ತಲುಪಿತ್ತು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಗೆಲುವಿತ್ತು. ಗಂಡನಿಗೆ ಲೋಟ ಕೊಟ್ಟು ಪಕ್ಕದಲ್ಲೇ ಕೂತರು. ಆ ಸೊಟ್ಟ ಬೆರಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನಿಧಾನಕ್ಕೆ ನೀವಿದರು.

“ವಾಪಸ್ ಹಾಕ್ಬಿಟ್ರಲ್ಲ ನೀವು. ನಂಗೆ ಅಷ್ಟು ಸಾಕು ಕಣ್ರಿ. ನಮ್ ಮನೆಯೋರು ಅಂಥೋರಲ್ಲ ಅಂತ ನಂಗೆ ಗೊತ್ತಿತ್ತು.”

ಓಬಳಪ್ಪ ಹೆಂಡತಿಯನ್ನು ನೋಡಿದರು. ನಾನು ತೆಗೆಯಲೇ ಇಲ್ಲ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಹೇಳಿದರೆ ಹೆಂಡತಿಯ ಕೈ ಮತ್ತೆ ದೂರ ಹೋಗುತ್ತದೆ ಎಂದು ಅವರಿಗೆ ತಿಳಿದಿತ್ತು.

“ಹೂಂ,” ಎಂದರು. ಪಾಯಸ ಕುಡಿದರು.

ನಾನು ನನ್ನ ಲೋಟ ಕೆಳಗಿಟ್ಟೆ. ಆ ‘ಹೂಂ’ಗಿಂತ ದೊಡ್ಡ ಸುಳ್ಳನ್ನು ಆ ಮನುಷ್ಯ ಅಲ್ಲಿಯತನಕ ಹೇಳಿರಲಿಲ್ಲ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

*

ಅವರು ಕೆಲಸಕ್ಕೆ ಮರಳಿದರು. ಹೆಚ್ಚು ಮಾತಿಲ್ಲ. ಜೀಪಿನಲ್ಲಿ ಕೂತಾಗ ಎರಡೂ ಕೈಗಳನ್ನು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡಿರುತ್ತಿದ್ದರು. ಯಾರೂ ಹಾಗೆ ಹೇಳಿರಲಿಲ್ಲ.

ಬೇಸಿಗೆ ಕಾಲಿಟ್ಟ ಮೇಲೆ ಒಂದು ಬೆಳಿಗ್ಗೆ ಮೇಲ್ಸೇತುವೆಯ ಬುಡದಲ್ಲಿ ಹಾಲಿನ ವ್ಯಾನು ಮಗುಚಿತು. ಚಾಲಕ ರಸ್ತೆಗೆ ಬಿದ್ದಿದ್ದ. ನನ್ನದೇ ವಯಸ್ಸಿನವನು. ಹೊಟ್ಟೆಯ ಕೆಳಗೆ ನೋಡುವ ಹಾಗಿರಲಿಲ್ಲ. ಹಾಲು ಅವನ ಸುತ್ತ ಹರಿದು ಡಾಂಬರಿನ ಮೇಲೆ ಕೆಂಪಾಗುತ್ತಿತ್ತು. ನಾನು ಕೋನ್ ಇಡಲು ಓಡಿದೆ. ತಿರುಗಿ ನೋಡಿದರೆ ಓಬಳಪ್ಪ ಅವನ ಪಕ್ಕ ಕೂತಿರಲಿಲ್ಲ. ಎರಡು ಹೆಜ್ಜೆ ದೂರ ನಿಂತಿದ್ದರು. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವ ಹಾಗೆ ಹಿಡಿದಿದ್ದರು.

“ಅಣ್ಣಾ, ಕೈ ಹಿಡ್ಕಳಣ್ಣಾ. ಕಣ್ಣು ಕಾಣ್ತಿಲ್ಲ,” ಎಂದ ಅವನು.

“ಆಂಬುಲೆನ್ಸ್ ಬರ್ತಾ ಐತೆ,” ಎಂದರು ಓಬಳಪ್ಪ. ಸಭೆಯಲ್ಲಿ ಹೇಳಿದಂತೆ ಗಟ್ಟಿಯಾಗಿ ಹೇಳಿದರು. ಕೈ ಮುಂದೆಯೇ ಇತ್ತು. ಅವನ ಕೈ ರಸ್ತೆಯ ಮೇಲೆ ಅವರ ಬೂಟಿನ ಕಡೆಗೆ ತಡಕಾಡುತ್ತಿತ್ತು. ಅವರು ಬೂಟು ಹಿಂದಕ್ಕೆ ತೆಗೆದುಕೊಂಡರು.

“ಸಾರ್!” ಎಂದು ಕೂಗಿ ನಾನು ಕೋನ್ ಬಿಸಾಕಿ ಓಡಿ ಬಂದೆ. ಮಂಡಿಯೂರಿ ಅವನ ಕೈ ಹಿಡಿದೆ. ಬೆಚ್ಚಗಿತ್ತು, ಆದರೆ ಹಿಡಿತವಿರಲಿಲ್ಲ. ಅವನು ಹೋಗಿದ್ದ.

ನನ್ನ ಎಡಗೈ ತಾನಾಗಿ ತಲೆಗೆ ಹೋಗಿ ಟೋಪಿ ತೆಗೆಯಿತು.

“ಟೋಪಿ ಹಾಕ್ಕ ಪಾಲ,” ಎಂದರು ಓಬಳಪ್ಪ. ಅವರ ಕೈಗಳು ಇನ್ನೂ ಹಾಗೇ ಚಾಚಿದ್ದವು, ಅಳುತ್ತಿದ್ದರು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

“ಹೋಗ್ಬಿಟ್ಟ ಸಾರ್ ಅವನು.”

“ಗೊತ್ತೈತೆ. ಹಾಕ್ಕ ಅಂದೆ. ನಿನ್ನ ಹೆಂಡ್ತೀನೂ ನೋಡ್ತಾಳೆ ಕಣೋ.”

ನಾನು ಅವನ ತೆರೆದ ಕಣ್ಣುಗಳನ್ನು ನೋಡಿದೆ. ನನ್ನ ಹೆಂಡತಿ ರೇಣುಕಾ ಅಡುಗೆಮನೆಯ ಹೊಸಿಲಲ್ಲಿ ಫೋನ್ ಹಿಡಿದು ಕೂತದ್ದು ಕಣ್ಣ ಮುಂದೆ ಬಂತು. ಅವನ ಕೈಯನ್ನು ರಸ್ತೆಯ ಮೇಲೆ ಇಟ್ಟೆ. ಟೋಪಿ ಹಾಕಿಕೊಂಡೆ. ಎದ್ದು ಓಬಳಪ್ಪನವರ ಪಕ್ಕದಲ್ಲಿ ನಿಂತೆ, ನನ್ನ ಎರಡೂ ಕೈಗಳನ್ನು ಮುಂದೆ ಚಾಚಿದೆ. ಆಂಬುಲೆನ್ಸ್ ಬರುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು.

ತಿಂಗಳ ಕೊನೆಗೆ ನಿಗಾ ಕೊಠಡಿಯಿಂದ ನಮ್ಮ ಔಟ್‌ಪೋಸ್ಟಿಗೆ ಮೆಚ್ಚುಗೆ ಬಂತು. ಹಾಲಿನ ವ್ಯಾನಿನ ಅಪಘಾತದ ದಾಖಲೆ ಆರಂಭದಿಂದ ಕೊನೆಯವರೆಗೂ ಸ್ಪಷ್ಟವಾಗಿದೆ, ಯಂತ್ರ ತುಂಬಬೇಕಾದ ಜಾಗ ಎಲ್ಲೂ ಇರಲಿಲ್ಲ ಎಂದು ಬರೆದಿದ್ದರು.